ಕಡಲ ಮೇಲ್ಮೈ ಉಷ್ಣಾಂಶದ ನಕ್ಷೆ: ಬೆಂಗಳೂರಿನಲ್ಲಿ ಕುಳಿತು ಬಿಡಿಸುವ ಮತ್ತು ಓದುವ ಬಗೆ

2024ರ ನವೆಂಬರ್ 30ರ ರಾತ್ರಿ ಫೆಂಗಲ್ ಚಂಡಮಾರುತವು ಪುದುಚೇರಿಯ ಬಳಿ ದಡ ಸೇರಿತು. ಮರುದಿನದಿಂದ ಬೆಂಗಳೂರಿನಲ್ಲಿ ಬಿಸಿಲು ಮರೆಯಾಗಿ, ಜಿಟಿಜಿಟಿ ಮಳೆ ಹಿಡಿದು, ತಾರಸಿಯಲ್ಲಿ ಹರವಿದ ಬಟ್ಟೆ ಒಣಗದೆ ಮನೆಯೊಳಗಿನ ಹಗ್ಗಕ್ಕೆ ಬಂತು. ಅರಬ್ಬೀ ಸಮುದ್ರ ಮತ್ತು ಬಂಗಾಳ ಕೊಲ್ಲಿ ಎರಡರಿಂದಲೂ ಸುಮಾರು 300 ಕಿಲೋಮೀಟರ್ ದೂರದಲ್ಲಿ, ಸಮುದ್ರಮಟ್ಟದಿಂದ 900 ಮೀಟರ್‌ಗೂ ಮೇಲಿರುವ ಈ ಊರಿನಿಂದ ಕಡಲು ಕಾಣುವುದಿಲ್ಲ; ಆದರೂ ಇಲ್ಲಿ ಸುರಿಯುವ ಮಳೆಯ ಬಹುಪಾಲು ನೀರು ಆ ಕಡಲುಗಳಿಂದ ಎದ್ದು ಬಂದದ್ದೇ ಆಗಿರುತ್ತದೆ. ಸಮುದ್ರದ ಮೇಲಿನ ಎರಡೂವರೆ ಮೀಟರ್ ನೀರು ಹಿಡಿದಿಟ್ಟುಕೊಳ್ಳುವಷ್ಟು ಶಾಖವನ್ನು ಅದರ ಮೇಲಿನ ಇಡೀ ವಾತಾವರಣ ಹಿಡಿದಿಟ್ಟುಕೊಳ್ಳುತ್ತದೆ ಎಂಬ ಒಂದು ಲೆಕ್ಕವನ್ನು ನೆನಪಿನಲ್ಲಿಟ್ಟುಕೊಂಡರೆ, ಹವಾಮಾನ ಮುನ್ಸೂಚನೆ ಮಾಡುವವರು ಮೊದಲು ಕಡಲಿನ ಉಷ್ಣಾಂಶವನ್ನು ಏಕೆ ನೋಡುತ್ತಾರೆ ಎಂಬುದು ತಿಳಿಯುತ್ತದೆ.

ಈ ಉಷ್ಣಾಂಶದ ನಕ್ಷೆಯನ್ನು ಸಾಮಾನ್ಯ ಲ್ಯಾಪ್‌ಟಾಪ್ ಇರುವ ವಿದ್ಯಾರ್ಥಿ, ಶಿಕ್ಷಕ ಅಥವಾ ಮಳೆಯ ಹವ್ಯಾಸಿ ಮನೆಯಲ್ಲೇ ಬಿಡಿಸಿಕೊಳ್ಳುವುದು ಹೇಗೆ, ಬಿಡಿಸಿದ ಮೇಲೆ ಅದನ್ನು ಓದುವುದು ಹೇಗೆ ಎಂಬುದನ್ನು ಇಲ್ಲಿ ಹಂತ ಹಂತವಾಗಿ ಬರೆದಿದ್ದೇನೆ. ಬಿಡಿಸುವ ಕೆಲಸ ಒಂದು ಸಂಜೆಯದು. ಓದುವ ಕೆಲಸಕ್ಕೆ ಹೆಚ್ಚು ಸಮಯ ಹಿಡಿಯುತ್ತದೆ, ಏಕೆಂದರೆ ಉಷ್ಣಾಂಶದ ನಕ್ಷೆಯನ್ನು ನಾವು ಫೋಟೊ ನೋಡುವಂತೆ ನೋಡಿಬಿಡುತ್ತೇವೆ. ವಾಸ್ತವದಲ್ಲಿ ಅದರ ಪ್ರತಿಯೊಂದು ಚೌಕದ ಹಿಂದೆಯೂ ಯಾವುದೋ ಒಂದು ಉಪಕರಣ, ಯಾವುದೋ ಒಂದು ಆಳ, ಯಾವುದೋ ಒಂದು ಗಂಟೆ ಮತ್ತು ಸಾಕಷ್ಟು ಊಹೆ ಇರುತ್ತದೆ. ಬಣ್ಣವನ್ನು ನೋಡುವ ಮೊದಲು ಈ ನಾಲ್ಕನ್ನೂ ಕೇಳಿ ತಿಳಿದುಕೊಳ್ಳುವ ಅಭ್ಯಾಸ ಬಂದರೆ ಉಳಿದದ್ದು ಸುಲಭ.

ಮೊದಲ ಹಂತ: ಯಾವ ಉಷ್ಣಾಂಶ ಎಂದು ನಿಶ್ಚಯಿಸುವುದು

‘ಮೇಲ್ಮೈ’ ಎಂಬ ಪದ ಒಂದೇ ಆದರೂ ಅದು ಸೂಚಿಸುವ ಪದರಗಳು ಹಲವು. ಉಪಗ್ರಹದ ಅವಗೆಂಪು (ಇನ್‌ಫ್ರಾರೆಡ್) ಸಂವೇದಕವು ನೀರಿನ ಅತ್ಯಂತ ಮೇಲಿನ, ಒಂದು ಮಿಲಿಮೀಟರ್‌ನ ನೂರನೇ ಒಂದು ಭಾಗದಷ್ಟು ತೆಳುವಾದ ಪೊರೆಯಿಂದ ಹೊರಡುವ ಕಿರಣವನ್ನು ಗ್ರಹಿಸುತ್ತದೆ. ಅಲೆಯ ಜೊತೆ ತೇಲುತ್ತ ಸಾಗುವ ಉಪಕರಣವು ಸುಮಾರು 20 ಸೆಂಟಿಮೀಟರ್ ಆಳದಲ್ಲಿ, ಲಂಗರು ಹಾಕಿ ನಿಲ್ಲಿಸಿದ ಉಪಕರಣವು ಸಾಮಾನ್ಯವಾಗಿ ಒಂದು ಮೀಟರ್ ಆಳದಲ್ಲಿ, ಹಡಗಿನ ಎಂಜಿನ್‌ಗೆ ನೀರೆಳೆಯುವ ಕೊಳವೆಯು ಇನ್ನೂ ಹಲವು ಮೀಟರ್ ಕೆಳಗೆ ಅಳೆಯುತ್ತದೆ. ಈ ಅಂಕಿಗಳು ಒಂದೇ ಆಗಿರಬೇಕಾಗಿಲ್ಲ, ಬಹಳ ಸಲ ಆಗಿರುವುದೂ ಇಲ್ಲ.

ಇದನ್ನು ಮನೆಯಲ್ಲೇ ಕಂಡುಕೊಳ್ಳಬಹುದು. ಸ್ನಾನಕ್ಕೆ ಬಿಸಿನೀರು ತುಂಬಿದ ಬಕೆಟ್‌ಗೆ ಗಾಜಿನ ಥರ್ಮಾಮೀಟರ್ ಅದ್ದಿ ಅಂಕಿ ಬರೆದುಕೊಳ್ಳಿ. ಅದೇ ನೀರಿನ ಮೇಲ್ಮೈಗೆ ಎಲೆಕ್ಟ್ರಿಷಿಯನ್‌ಗಳು ಬಳಸುವ ಅವಗೆಂಪು ಥರ್ಮಾಮೀಟರ್ ಗನ್ ಹಿಡಿದರೆ ಸಾಮಾನ್ಯವಾಗಿ ಕಡಿಮೆ ಅಂಕಿ ಬರುತ್ತದೆ, ಕೈಯಿಂದ ನೀರು ಕದಡಿದ ಕೂಡಲೇ ಗನ್‌ನ ಅಂಕಿ ಮೇಲೇರಿ, ಕೆಲವು ಸೆಕೆಂಡುಗಳಲ್ಲಿ ಮತ್ತೆ ಇಳಿಯುತ್ತದೆ. ಆವಿಯಾಗುವ ನೀರು ತನ್ನ ಶಾಖವನ್ನು ಆ ಮೇಲಿನ ಪೊರೆಯಿಂದಲೇ ಕಿತ್ತುಕೊಂಡು ಹೋಗುವುದರಿಂದ ಹೀಗಾಗುತ್ತದೆ. ಗನ್‌ನ ನಿಖರತೆ ಅಷ್ಟಕ್ಕಷ್ಟೆ, ಹಬೆ ಅದರ ಕಣ್ಣನ್ನು ಮಬ್ಬಾಗಿಸುತ್ತದೆ, ಆದ್ದರಿಂದ ಅಂಕಿಯ ಮೌಲ್ಯಕ್ಕಿಂತ ಅದರ ಏರಿಳಿತವನ್ನು ಗಮನಿಸಬೇಕು. ಸಮುದ್ರದಲ್ಲಿ ಈ ಪೊರೆಯು ಕೆಳಗಿನ ನೀರಿಗಿಂತ ಸರಾಸರಿ 0.2 ಡಿಗ್ರಿ ಸೆಲ್ಸಿಯಸ್‌ನಷ್ಟು ತಂಪಾಗಿರುತ್ತದೆ.

ಎರಡನೆಯ ಪ್ರಯೋಗಕ್ಕೆ ಮಾರ್ಚ್ ತಿಂಗಳ ಗಾಳಿಯಿಲ್ಲದ ಮಧ್ಯಾಹ್ನವೇ ಬೇಕು. ತಾರಸಿಯಲ್ಲಿ ಅಗಲ ಬಾಯಿಯ ಡ್ರಮ್ಮಿಗೆ ಬೆಳಿಗ್ಗೆಯೇ ನೀರು ತುಂಬಿಟ್ಟು, ಎರಡು ಗಂಟೆಯ ಹೊತ್ತಿಗೆ ಮೇಲಿನ ಒಂದು ಅಂಗುಲದಲ್ಲೂ ತಳದಲ್ಲೂ ಉಷ್ಣಾಂಶ ನೋಡಿದರೆ, ಮೇಲಿನದು ಸ್ಪಷ್ಟವಾಗಿ ಬೆಚ್ಚಗಿರುವುದು ಕೈಗೇ ತಿಳಿಯುತ್ತದೆ. ಕೋಲಿನಿಂದ ಒಮ್ಮೆ ತಿರುವಿದರೆ ಆ ವ್ಯತ್ಯಾಸ ಅಳಿಸಿಹೋಗುತ್ತದೆ. ಸಮುದ್ರದಲ್ಲಿ ಆ ಕೋಲಿನ ಕೆಲಸವನ್ನು ಗಾಳಿ ಮಾಡುತ್ತದೆ: ಗಾಳಿ ಮಂದವಾಗಿ ಬಿಸಿಲು ಪ್ರಖರವಾಗಿದ್ದ ದಿನ ಮೇಲ್ಮೈ ಹಗಲಿನಲ್ಲಿ ಕೆಲವು ಡಿಗ್ರಿಗಳಷ್ಟು ಕಾಯಬಹುದು, ಗಾಳಿ ಬೀಸಿದರೆ ಹಗಲು ರಾತ್ರಿಯ ಅಂತರವೇ ಕಾಣುವುದಿಲ್ಲ. ಈ ಹಗಲಿನ ಕಾವು ಇನ್ನೂ ತಟ್ಟದ, ಸೂರ್ಯೋದಯಕ್ಕೆ ಮುನ್ನಿನ ಉಷ್ಣಾಂಶವನ್ನು ತಜ್ಞರು ‘ಬುನಾದಿ ಉಷ್ಣಾಂಶ’ ಎಂಬ ಅರ್ಥದ ಹೆಸರಿನಿಂದ ಕರೆಯುತ್ತಾರೆ. ದಿನದ ಮುನ್ಸೂಚನೆಗೆ ಬಳಸುವ ಹಲವು ನಕ್ಷೆಗಳು ಕೊಡುವುದು ಇದನ್ನೇ. ನೀವು ಇಳಿಸಿಕೊಂಡ ನಕ್ಷೆ ಪೊರೆಯದೋ, ಬುನಾದಿಯದೋ, ಯಾವುದೋ ಒಂದು ಆಳದ್ದೋ ಎಂಬುದು ಕಡತದ ವಿವರಣೆಯಲ್ಲಿ ಬರೆದಿರುತ್ತದೆ, ಅದನ್ನು ಓದದೆ ಎರಡು ನಕ್ಷೆಗಳನ್ನು ಹೋಲಿಸಬೇಡಿ.

ಎರಡನೆಯ ಹಂತ: ಅಂಕಿ ಎಲ್ಲಿಂದ ಬಂತು ಎಂದು ತಿಳಿಯುವುದು

ಬೆಂಜಮಿನ್ ಫ್ರಾಂಕ್ಲಿನ್ 1775ರಲ್ಲಿ ಅಟ್ಲಾಂಟಿಕ್ ದಾಟುವಾಗ ಥರ್ಮಾಮೀಟರ್ ಇಳಿಬಿಟ್ಟು ಗಲ್ಫ್ ಸ್ಟ್ರೀಮ್ ಎಂಬ ಬೆಚ್ಚನೆಯ ಪ್ರವಾಹದ ಅಂಚನ್ನು ಗುರುತಿಸಲು ಯತ್ನಿಸಿದ್ದರು. 1853ರ ಬ್ರಸೆಲ್ಸ್ ಸಮ್ಮೇಳನದ ನಂತರ ಹಡಗುಗಳು ಒಂದೇ ಬಗೆಯ ದಾಖಲೆಪುಸ್ತಕದಲ್ಲಿ ಹವಾಮಾನವನ್ನು ಬರೆಯತೊಡಗಿದವು. ಅಳೆಯುವ ಸಾಧನ ಮಾತ್ರ ಬಹುಕಾಲ ಬಕೆಟ್ಟೇ ಆಗಿತ್ತು: ನಾವಿಕನು ಹಗ್ಗ ಕಟ್ಟಿದ ಬಕೆಟ್ಟನ್ನು ಕಡಲಿಗೆ ಎಸೆದು, ನೀರೆತ್ತಿ, ಥರ್ಮಾಮೀಟರ್ ಅದ್ದಿ ಓದುತ್ತಿದ್ದ. ಮರದ ಬಕೆಟ್ಟಿನಲ್ಲಿ ನೀರು ಅಷ್ಟಾಗಿ ತಣಿಯುತ್ತಿರಲಿಲ್ಲ. ಕ್ಯಾನ್ವಾಸ್ ಬಕೆಟ್ಟಿನಲ್ಲಾದರೋ, ನಮ್ಮ ಮಣ್ಣಿನ ಹೂಜಿಯಲ್ಲಿ ನೀರು ತಂಪಾಗುವಂತೆಯೇ, ಬಟ್ಟೆಯಿಂದ ನೀರು ಜಿನುಗಿ ಆವಿಯಾಗಿ ಅಂಕಿ ಕೆಳಗಿಳಿಯುತ್ತಿತ್ತು. ಮುಂದೆ ಎಂಜಿನ್‌ಗೆ ಎಳೆದ ನೀರನ್ನು ಅಳೆಯುವ ಪದ್ಧತಿ ಬಂದಾಗ ಎಂಜಿನ್ ಕೋಣೆಯ ಬಿಸಿ ಸೇರಿ ಅಂಕಿ ಮೇಲೇರಿತು. ಎರಡನೆಯ ಮಹಾಯುದ್ಧದ ಕಾಲದಲ್ಲಿ ದಾಖಲೆಗಳ ಬಹುಪಾಲು ಎಂಜಿನ್ ನೀರನ್ನು ಅಳೆಯುವ ಅಮೆರಿಕದ ಹಡಗುಗಳಿಂದ ಬರುತ್ತಿದ್ದು, 1945ರ ಕೊನೆಯಲ್ಲಿ ಬಕೆಟ್ ಬಳಸುವ ಬ್ರಿಟಿಷ್ ಹಡಗುಗಳ ಪಾಲು ಹಠಾತ್ತನೆ ಹೆಚ್ಚಿತು. ಅದರಿಂದ ಜಗತ್ತಿನ ಸಮುದ್ರವೇ ಸುಮಾರು 0.3 ಡಿಗ್ರಿ ತಣ್ಣಗಾದಂತೆ ದಾಖಲೆಗಳಲ್ಲಿ ಕಾಣುತ್ತದೆ, ಮತ್ತು ಅದಕ್ಕೆ ಕಾರಣ ಅಳತೆಯ ಬದಲಾವಣೆ ಎಂಬುದು 2008ರಲ್ಲಷ್ಟೇ ಸ್ಪಷ್ಟವಾಯಿತು.

ಇಂದು ಸ್ಥಳದಲ್ಲೇ ಅಳೆಯುವ ಕೆಲಸದ ದೊಡ್ಡ ಪಾಲು ತೇಲುವ ಉಪಕರಣಗಳದ್ದು. ಭಾರತದ ಸುತ್ತಲಿನ ಸಮುದ್ರದಲ್ಲಿ ಲಂಗರು ಹಾಕಿದ ಉಪಕರಣಗಳನ್ನು ಚೆನ್ನೈನ ರಾಷ್ಟ್ರೀಯ ಸಾಗರ ತಂತ್ರಜ್ಞಾನ ಸಂಸ್ಥೆ ನಿಲ್ಲಿಸುತ್ತದೆ. ಆರ್ಗೊ ಎಂಬ ಅಂತರರಾಷ್ಟ್ರೀಯ ಯೋಜನೆಯ ಸುಮಾರು 4,000 ಕೊಳವೆಯಾಕಾರದ ಉಪಕರಣಗಳು 1,000 ಮೀಟರ್ ಆಳದಲ್ಲಿ ತೇಲುತ್ತ ಸಾಗಿ, 2,000 ಮೀಟರ್‌ವರೆಗೆ ಇಳಿದು, ಹತ್ತು ದಿನಕ್ಕೊಮ್ಮೆ ಉಷ್ಣಾಂಶ ಮತ್ತು ಲವಣಾಂಶವನ್ನು ಅಳೆಯುತ್ತ ಮೇಲೆ ಬಂದು ಉಪಗ್ರಹಕ್ಕೆ ಸುದ್ದಿ ಕಳುಹಿಸುತ್ತವೆ. ಹಿಂದೂ ಮಹಾಸಾಗರದ ಈ ಮಾಹಿತಿಯನ್ನು ನಮ್ಮಲ್ಲಿ ಹೈದರಾಬಾದಿನ ಇನ್‌ಕಾಯಿಸ್ ಸಂಸ್ಥೆ ನೋಡಿಕೊಳ್ಳುತ್ತದೆ.

ಆದರೆ ಇಡೀ ಸಾಗರವನ್ನು ದಿನವೂ ನೋಡಬೇಕೆಂದರೆ ಉಪಗ್ರಹವೇ ಗತಿ. 1981ರಿಂದ ನಿರಂತರವಾಗಿ ದೊರೆಯುವ ಅವಗೆಂಪು ಅಳತೆಯು ಸೂಕ್ಷ್ಮವಾದದ್ದು, ಆದರೆ ಅದಕ್ಕೆ ಮೋಡದಾಚೆ ಕಾಣುವುದಿಲ್ಲ. ಗಾಳಿಯಲ್ಲಿನ ತೇವವು ಕಿರಣದ ಒಂದಷ್ಟು ಭಾಗವನ್ನು ನುಂಗುವುದರಿಂದ 11 ಮತ್ತು 12 ಮೈಕ್ರೊಮೀಟರ್‌ಗಳ ಎರಡು ತರಂಗಾಂತರಗಳಲ್ಲಿ ಅಳೆದು, ಎರಡರ ನಡುವಿನ ವ್ಯತ್ಯಾಸದಿಂದ ಆ ನಷ್ಟವನ್ನು ಲೆಕ್ಕ ಹಾಕಿ ಸರಿಪಡಿಸುತ್ತಾರೆ. ಧೂಳಿಗೆ ಈ ಉಪಾಯ ಸಾಲುವುದಿಲ್ಲ. 1982ರಲ್ಲಿ ಮೆಕ್ಸಿಕೊದ ಎಲ್ ಚಿಚೊನ್ ಜ್ವಾಲಾಮುಖಿ ಸಿಡಿದು ವಾತಾವರಣದ ಮೇಲ್ಪದರದಲ್ಲಿ ಹರಡಿದ ಕಣಗಳು ಉಪಗ್ರಹದ ಅಂಕಿಗಳನ್ನು ಕೆಳಗಿಳಿಸಿದವು, ಇದರಿಂದಾಗಿ ಅದೇ ವರ್ಷ ಶಾಂತಸಾಗರದಲ್ಲಿ ಬೆಳೆಯುತ್ತಿದ್ದ, ಶತಮಾನದ ಅತಿ ಪ್ರಬಲ ಎಲ್ ನಿನೊಗಳಲ್ಲಿ (ಸಮಭಾಜಕದ ಬಳಿಯ ಶಾಂತಸಾಗರ ವಾಡಿಕೆಗಿಂತ ಬೆಚ್ಚಗಾಗುವ ವಿದ್ಯಮಾನ) ಒಂದನ್ನು ಗುರುತಿಸುವುದು ತಡವಾಯಿತು. ಅರೇಬಿಯಾದ ಮರಳುಗಾಡಿನಿಂದ ಅರಬ್ಬೀ ಸಮುದ್ರದ ಮೇಲೆ ಹಾರಿಬರುವ ಧೂಳು ಬೇಸಿಗೆ ಮತ್ತು ಮುಂಗಾರಿನ ತಿಂಗಳುಗಳಲ್ಲಿ ಸಣ್ಣ ಪ್ರಮಾಣದಲ್ಲಿ ಇದೇ ತೊಂದರೆ ಕೊಡುತ್ತದೆ.

ಮೈಕ್ರೊವೇವ್ ಸಂವೇದಕಗಳಿಗೆ ಮೋಡ ಅಡ್ಡಿಯಲ್ಲ, ಮಳೆ ಮಾತ್ರ ಅಡ್ಡಿ. 1997ರಲ್ಲಿ ಹಾರಿದ ಟಿಆರ್‌ಎಂಎಂ ಉಪಗ್ರಹವು ಉಷ್ಣವಲಯಕ್ಕೆ ಈ ಸೌಲಭ್ಯ ತಂದಿತು, 2012ರಿಂದ ಜಪಾನಿನ ಆಮ್ಸರ್-2 ಸಂವೇದಕ ಈ ಕೆಲಸ ಮಾಡುತ್ತಿದೆ. ಇವುಗಳ ನೋಟ ಒರಟು, ಒಂದು ಚುಕ್ಕೆ ಸುಮಾರು 50 ಕಿಲೋಮೀಟರ್ ಅಗಲವಿರುತ್ತದೆ. ದಡದ ಹತ್ತಿರ ನೆಲದ ಸಂಕೇತ ಬೆರೆಯುವುದರಿಂದ ಕಾರವಾರ, ಮಲ್ಪೆ, ಮಂಗಳೂರಿನ ಮಗ್ಗುಲಲ್ಲಿ ಅವು ಉಪಯೋಗಕ್ಕೆ ಬರುವುದಿಲ್ಲ. ಇನ್ನು ನಮ್ಮ ಇನ್ಸಾಟ್-3ಡಿಆರ್ ಮತ್ತು 2024ರ ಫೆಬ್ರವರಿಯಲ್ಲಿ ಹಾರಿದ ಇನ್ಸಾಟ್-3ಡಿಎಸ್ ಉಪಗ್ರಹಗಳು 36,000 ಕಿಲೋಮೀಟರ್ ಎತ್ತರದಲ್ಲಿ ಭೂಮಿಯ ಜೊತೆಗೇ ಸುತ್ತುತ್ತ, ಒಂದೇ ಪ್ರದೇಶವನ್ನು ದಿನವಿಡೀ ಮತ್ತೆ ಮತ್ತೆ ನೋಡುತ್ತವೆ. ಅವುಗಳನ್ನು ನಿಯಂತ್ರಿಸುವ ಮುಖ್ಯ ಕೇಂದ್ರ ಇರುವುದು ಹಾಸನದಲ್ಲಿ. ಗಂಟೆಗಂಟೆಯ ಏರಿಳಿತ ತಿಳಿಯಲು ಇವು ಒಳ್ಳೆಯವು, ಮುಂಗಾರಿನ ಮೋಡ ಕವಿದಾಗ ಇವೂ ಕುರುಡೇ.

ಮೂರನೆಯ ಹಂತ: ದತ್ತಾಂಶವನ್ನು ಆರಿಸುವುದು

ಬಿಡಿ ಅಳತೆಗಳಿಂದ ತೂತಿಲ್ಲದ ನಕ್ಷೆ ಮಾಡಲು ಸಂಸ್ಥೆಗಳು ಉಪಗ್ರಹ, ಹಡಗು ಮತ್ತು ತೇಲು ಉಪಕರಣಗಳ ಅಂಕಿಗಳನ್ನು ಅವುಗಳ ವಿಶ್ವಾಸಾರ್ಹತೆಗೆ ತಕ್ಕ ತೂಕ ಕೊಟ್ಟು ಬೆರೆಸಿ, ಅಳತೆಯಿಲ್ಲದ ಜಾಗವನ್ನು ಅಕ್ಕಪಕ್ಕದ ಜಾಗ ಮತ್ತು ಹಿಂದಿನ ದಿನದ ಆಧಾರದ ಮೇಲೆ ತುಂಬುತ್ತವೆ. ಹೊಸಬರು ಅಮೆರಿಕದ ನೋವಾ ಸಂಸ್ಥೆಯ ಓಐಎಸ್‌ಎಸ್‌ಟಿ ಎಂಬ ದತ್ತಾಂಶದಿಂದ ಆರಂಭಿಸುವುದು ಒಳಿತು ಎಂದು ನನ್ನ ಅಭಿಪ್ರಾಯ. ಅದು 1981ರ ಸೆಪ್ಟೆಂಬರ್‌ನಿಂದ ಪ್ರತಿದಿನಕ್ಕೂ ಇದೆ, ಉಚಿತವಾಗಿದೆ, ಒಂದು ದಿನದ ಕಡತ ಎರಡು ಎಂಬಿಗಿಂತ ಚಿಕ್ಕದು, ಪ್ರತಿ ಚೌಕ ಕಾಲು ಡಿಗ್ರಿಯದು, ಎಂದರೆ ಸಮಭಾಜಕದ ಬಳಿ ಸುಮಾರು 28 ಕಿಲೋಮೀಟರ್. ನೂರು ವರ್ಷಗಳಿಗೂ ಹಿಂದಿನ ತಿಂಗಳ ಸರಾಸರಿ ಬೇಕಿದ್ದವರಿಗೆ 1854ರಿಂದ ಸಿಗುವ ಇಆರ್‌ಎಸ್‌ಎಸ್‌ಟಿ ಮತ್ತು 1870ರಿಂದ ಸಿಗುವ ಹ್ಯಾಡ್‌ಐಎಸ್‌ಎಸ್‌ಟಿ ಇವೆ.

ಬ್ರಿಟನ್ನಿನ ಓಸ್ಟಿಯಾ 0.05 ಡಿಗ್ರಿ, ನಾಸಾದ ಮುರ್ 0.01 ಡಿಗ್ರಿ ಚೌಕಗಳಲ್ಲಿ ದೊರೆಯುತ್ತವೆ. ನೋಡಲು ಮುರ್ ನಕ್ಷೆ ಬಲು ಚೆನ್ನ. ಆದರೆ ಜುಲೈ ತಿಂಗಳಲ್ಲಿ ವಾರಗಟ್ಟಲೆ ಮೋಡ ಮುಸುಕಿದ ಕೊಲ್ಲಿಯಲ್ಲಿ ಒಂದು ಕಿಲೋಮೀಟರ್ ಚೌಕ ಇದೆಯೆಂದ ಮಾತ್ರಕ್ಕೆ ಒಂದು ಕಿಲೋಮೀಟರ್ ಸೂಕ್ಷ್ಮತೆಯ ಅಳತೆ ಇದೆಯೆಂದು ಅರ್ಥವಲ್ಲ. ಅಲ್ಲಿ ಕಾಣುವ ನಯವಾದ ಬಣ್ಣದ ಬಹುಭಾಗ ಒರಟು ಅಳತೆಯನ್ನು ಹಿಗ್ಗಿಸಿ ತುಂಬಿದ್ದು. ಓಐಎಸ್‌ಎಸ್‌ಟಿ ಕಡತದಲ್ಲಿ ಪ್ರತಿ ಚೌಕದ ಅಂದಾಜು ದೋಷವೂ ಇರುತ್ತದೆ. ಉಷ್ಣಾಂಶದ ನಕ್ಷೆಯ ಪಕ್ಕದಲ್ಲೇ ದೋಷದ ನಕ್ಷೆಯನ್ನೂ ಬಿಡಿಸಿಟ್ಟುಕೊಂಡರೆ ಎಲ್ಲಿ ಅಳತೆ ಗಟ್ಟಿ, ಎಲ್ಲಿ ಊಹೆ ಹೆಚ್ಚು ಎಂಬುದು ಒಂದೇ ನೋಟಕ್ಕೆ ಸಿಗುತ್ತದೆ. ಬಹುತೇಕ ಯಾರೂ ಇದನ್ನು ಮಾಡುವುದಿಲ್ಲ.

ನಾಲ್ಕನೆಯ ಹಂತ: ಕಡತ ತೆರೆದು ನಕ್ಷೆ ಬಿಡಿಸುವುದು

ಕಡತಗಳು ನೆಟ್‌ಸಿಡಿಎಫ್ ಎಂಬ ಮಾದರಿಯಲ್ಲಿರುತ್ತವೆ. ಪ್ರೋಗ್ರಾಮ್ ಬರೆಯಲು ಬಾರದವರು ನಾಸಾದ ಪ್ಯಾನೊಪ್ಲಿ ಎಂಬ ಉಚಿತ ತಂತ್ರಾಂಶವನ್ನು ಹಾಕಿಕೊಂಡು, ಕಡತವನ್ನು ತೆರೆದು, ಎಸ್‌ಎಸ್‌ಟಿ (ಕಡಲ ಮೇಲ್ಮೈ ಉಷ್ಣಾಂಶದ ಇಂಗ್ಲಿಷ್ ಹ್ರಸ್ವರೂಪ) ಎಂಬ ಸಾಲನ್ನು ಆರಿಸಿದರೆ ನಕ್ಷೆ ತಾನಾಗಿ ಬರುತ್ತದೆ. ಪೈಥಾನ್ ಬಲ್ಲವರಿಗೆ ಎಕ್ಸ್‌ಅರೇ ಮತ್ತು ಕಾರ್ಟೋಪೈ ಎಂಬ ಎರಡು ಸಂಗ್ರಹಗಳು ಸಾಕು, ಹತ್ತು ಸಾಲಿನಲ್ಲಿ ಕೆಲಸ ಮುಗಿಯುತ್ತದೆ. ಕಡತದಲ್ಲಿ 720 ಅಕ್ಷಾಂಶ ಮತ್ತು 1,440 ರೇಖಾಂಶಗಳ ಹತ್ತು ಲಕ್ಷಕ್ಕೂ ಹೆಚ್ಚು ಚೌಕಗಳಿರುವುದರಿಂದ ಮೊದಲು ನಮಗೆ ಬೇಕಾದ ಭಾಗವನ್ನು ಕತ್ತರಿಸಿಕೊಳ್ಳಬೇಕು: ಪೂರ್ವ ರೇಖಾಂಶ 30ರಿಂದ 120, ದಕ್ಷಿಣ ಅಕ್ಷಾಂಶ 30ರಿಂದ ಉತ್ತರ ಅಕ್ಷಾಂಶ 30. ಇದರಲ್ಲಿ ಆಫ್ರಿಕಾದ ದಡದಿಂದ ಇಂಡೊನೇಷ್ಯಾದವರೆಗೆ ನಮ್ಮ ಮಳೆಗೆ ಹತ್ತಿರದ ಸಾಗರವೆಲ್ಲ ಬರುತ್ತದೆ. ಹಲವು ವರ್ಷಗಳ ದತ್ತಾಂಶ ಬೇಕಿದ್ದರೆ ಇಡೀ ಭೂಗೋಳವನ್ನು ಇಳಿಸಿಕೊಳ್ಳದೆ, ನೋವಾದ ಎರ್‌ಡಾಪ್ ಸೇವೆಯಲ್ಲಿ ಈ ಗಡಿಗಳನ್ನು ನಮೂದಿಸಿ ಅಷ್ಟನ್ನೇ ಪಡೆಯಬಹುದು.

ಇಲ್ಲಿ ಎರಡು ಕಡೆ ಕಾಲು ಜಾರುತ್ತದೆ. ಓಐಎಸ್‌ಎಸ್‌ಟಿಯಲ್ಲಿ ರೇಖಾಂಶಗಳನ್ನು ಸೊನ್ನೆಯಿಂದ 360ರವರೆಗೆ ಎಣಿಸಿರುತ್ತಾರೆ, ಆದ್ದರಿಂದ ಪಶ್ಚಿಮ ರೇಖಾಂಶ 170 ಎಂಬುದನ್ನು 190 ಎಂದು ಬರೆಯಬೇಕು. ಎರಡನೆಯದು ನಾನೇ ಮಾಡಿದ ತಪ್ಪು. ಉಷ್ಣಾಂಶವನ್ನು ನೂರರಿಂದ ಗುಣಿಸಿದ ಪೂರ್ಣಾಂಕವಾಗಿ ಕಡತದಲ್ಲಿ ಇಟ್ಟಿರುತ್ತಾರೆ, ಎಂದರೆ 29.43 ಡಿಗ್ರಿ ಎಂಬುದು 2943 ಆಗಿರುತ್ತದೆ. ನೆಲದ ಚೌಕಗಳಿಗೆ −999 ಎಂಬ ಖಾಲಿ ಗುರುತು ಇರುತ್ತದೆ. ಮೊದಲ ಸಲ ನಾನು ಎಕ್ಸ್‌ಅರೇ ಇಲ್ಲದೆ ಕಡತವನ್ನು ನೇರವಾಗಿ ಓದಿ, ಖಾಲಿ ಗುರುತನ್ನೂ ನೂರರಿಂದ ಭಾಗಿಸಿ ಸರಾಸರಿ ತೆಗೆದಿದ್ದೆ. ಅರಬ್ಬೀ ಸಮುದ್ರದ ಸುತ್ತಲಿನ ನೆಲವೆಲ್ಲ ಸುಮಾರು ಮೈನಸ್ 10 ಡಿಗ್ರಿಯಾಗಿ ಲೆಕ್ಕಕ್ಕೆ ಸೇರಿ, ಮೇ ತಿಂಗಳ ಸಮುದ್ರದ ಸರಾಸರಿ ಊಟಿಯ ಬೆಳಗಿನಷ್ಟು ತಂಪಾಗಿ ಬಂತು. ಅಂಕಿ ಅಸಂಬದ್ಧವಾಗಿದ್ದುದರಿಂದ ತಪ್ಪು ಅಂದೇ ಗೊತ್ತಾಯಿತು. ನೆಲದ ಚೌಕಗಳು ಬೆರಳೆಣಿಕೆಯಷ್ಟೇ ಇದ್ದಿದ್ದರೆ ಸರಾಸರಿ ಅರ್ಧ ಡಿಗ್ರಿ ಮಾತ್ರ ಇಳಿದು, ನಾನು ಅದನ್ನು ನಂಬಿ ಸಮುದ್ರ ತಣ್ಣಗಾಗಿದೆ ಎಂದು ಹೇಳಿಕೊಂಡು ತಿರುಗುತ್ತಿದ್ದೆ. ಸರಾಸರಿ ತೆಗೆಯುವ ಮುನ್ನ ಆ ಭಾಗದ ಕನಿಷ್ಠ ಮತ್ತು ಗರಿಷ್ಠ ಅಂಕಿಗಳನ್ನು ಒಮ್ಮೆ ನೋಡುವುದು ಇದಕ್ಕೆ ಪರಿಹಾರ.

ಬಣ್ಣದ ಆಯ್ಕೆಯನ್ನು ತಂತ್ರಾಂಶಕ್ಕೆ ಬಿಡಬೇಡಿ. ಕಾಮನಬಿಲ್ಲಿನ ಬಣ್ಣಗಳಲ್ಲಿ ಹಳದಿ ಬರುವ ಕಡೆ ಕಣ್ಣಿಗೆ ಒಂದು ಗೆರೆ ಕಾಣುತ್ತದೆ, ಸಮುದ್ರದಲ್ಲಿ ಅಂಥ ಗೆರೆ ಇರುವುದಿಲ್ಲ. ತಿಳಿ ಬಣ್ಣದಿಂದ ಗಾಢ ಬಣ್ಣಕ್ಕೆ ಒಂದೇ ದಿಕ್ಕಿನಲ್ಲಿ ಹೋಗುವ ವರ್ಣಪಟ್ಟಿಯನ್ನು 22ರಿಂದ 32 ಡಿಗ್ರಿಗೆ ಹೊಂದಿಸಿ, ಅದರ ಮೇಲೆ ಎರಡು ಸಮೋಷ್ಣ ರೇಖೆಗಳನ್ನು (ಒಂದೇ ಉಷ್ಣಾಂಶದ ಜಾಗಗಳನ್ನು ಕೂಡಿಸುವ ಗೆರೆಗಳು) ಎಳೆಯಿರಿ: 26.5 ಮತ್ತು 28. ಮೊದಲನೆಯದು ಚಂಡಮಾರುತ ಹುಟ್ಟಲು ಸಾಮಾನ್ಯವಾಗಿ ಬೇಕಾದ ಕನಿಷ್ಠ ಉಷ್ಣಾಂಶ. ಎರಡನೆಯದರ ಹಿಂದೆ ಬೆಂಗಳೂರಿನ ಕೆಲಸವಿದೆ. ಭಾರತೀಯ ವಿಜ್ಞಾನ ಸಂಸ್ಥೆಯ ಸುಲೋಚನಾ ಗಾಡ್ಗೀಳ್ ಮತ್ತು ಸಂಗಡಿಗರು 1984ರಲ್ಲಿ ಉಪಗ್ರಹದ ಮೋಡದ ಚಿತ್ರಗಳನ್ನೂ ಸಮುದ್ರದ ಉಷ್ಣಾಂಶವನ್ನೂ ಜೊತೆಗಿಟ್ಟು ನೋಡಿ, ಉಷ್ಣಾಂಶ ಸುಮಾರು 28 ಡಿಗ್ರಿ ದಾಟಿದ ಕಡೆ ಎತ್ತರದ ಮಳೆಮೋಡಗಳು ಗುಂಪುಗೂಡುವ ಸಾಧ್ಯತೆ ಒಮ್ಮೆಲೇ ಹೆಚ್ಚುತ್ತದೆ ಎಂದು ತೋರಿಸಿದರು. ಅದೇ ಅಧ್ಯಯನ ಹೇಳಿದ ಇನ್ನೊಂದು ಮಾತು ಇಷ್ಟೇ ಮುಖ್ಯವಾದದ್ದು: 28 ಡಿಗ್ರಿ ದಾಟುವುದು ಅಗತ್ಯ, ಆದರೆ ಅಷ್ಟೇ ಸಾಲದು. ಬಂಗಾಳ ಕೊಲ್ಲಿಯ ಬಹುಭಾಗ ವರ್ಷದ ಹೆಚ್ಚಿನ ಕಾಲ ಈ ಗೆರೆಯ ಮೇಲೆಯೇ ಇರುತ್ತದೆ, ದಿನವೂ ಮಳೆ ಬರುವುದಿಲ್ಲ.

ಐದನೆಯ ಹಂತ: ವಾಡಿಕೆಯಿಂದ ಎಷ್ಟು ಹೆಚ್ಚು, ಎಷ್ಟು ಕಡಿಮೆ

ಏಪ್ರಿಲ್‌ನಲ್ಲಿ ಲಕ್ಷದ್ವೀಪದ ಸುತ್ತಲಿನ ಸಮುದ್ರ 30 ಡಿಗ್ರಿ ಮುಟ್ಟುವುದು ಪ್ರತಿ ವರ್ಷದ ಸಂಗತಿ. ಜುಲೈನಲ್ಲಿ ಸೊಮಾಲಿಯಾದ ದಡದಲ್ಲಿ ಬಲವಾದ ಮುಂಗಾರು ಗಾಳಿಯು ಮೇಲಿನ ನೀರನ್ನು ದೂರ ತಳ್ಳಿ, ತಣ್ಣನೆಯ ನೀರು ಕೆಳಗಿನಿಂದ ಮೇಲೆ ಬರುವುದೂ ಹಾಗೆಯೇ. ನಮ್ಮ ಕರಾವಳಿಯಲ್ಲೂ ಮಳೆಗಾಲದಲ್ಲಿ ಚಿಕ್ಕ ಪ್ರಮಾಣದಲ್ಲಿ ಇದು ನಡೆದು, ಮೇಲೆ ಬಂದ ಪೋಷಕಾಂಶಗಳಿಂದ ಬೂತಾಯಿ, ಬಂಗುಡೆಗಳಿಗೆ ಮೇವು ಸಿಗುತ್ತದೆ. ಇನ್‌ಕಾಯಿಸ್ ಸಂಸ್ಥೆ ಮೀನುಗಾರರಿಗೆ ಮೀನು ಸಿಗಬಹುದಾದ ಜಾಗಗಳ ಸೂಚನೆ ಕೊಡುವುದೂ ಉಷ್ಣಾಂಶ ಮತ್ತು ನೀರಿನ ಹಸಿರಿನ ನಕ್ಷೆಗಳಿಂದಲೇ. ಆದ್ದರಿಂದ ಮುನ್ಸೂಚನೆಗೆ ಬರಿಯ ಉಷ್ಣಾಂಶಕ್ಕಿಂತ ಅದು ಆ ದಿನದ ವಾಡಿಕೆಯಿಂದ ಎಷ್ಟು ಸರಿದಿದೆ ಎಂಬುದು ಹೆಚ್ಚು ಹೇಳುತ್ತದೆ.

ವಾಡಿಕೆ ಎಂದರೆ ಮೂವತ್ತು ವರ್ಷಗಳ ಸರಾಸರಿ, ಈಗ ಸಾಮಾನ್ಯವಾಗಿ 1991ರಿಂದ 2020. ಆ ಚೌಕದ, ಆ ತಾರೀಖಿನ ಸರಾಸರಿಯನ್ನು ಇಂದಿನ ಅಂಕಿಯಿಂದ ಕಳೆದರೆ ವ್ಯತ್ಯಾಸ ಸಿಗುತ್ತದೆ. ಹಳೆಯ 1971ರಿಂದ 2000ದ ವಾಡಿಕೆಯ ಜೊತೆ ಹೋಲಿಸಿದರೆ ಸಮುದ್ರವೆಲ್ಲ ಕೆಂಪಾಗಿ ಕಾಣುತ್ತದೆ, ಏಕೆಂದರೆ ಈ ನಡುವೆ ಹಿಂದೂ ಮಹಾಸಾಗರವೇ ಒಟ್ಟಾರೆ ಬೆಚ್ಚಗಾಗಿದೆ. ಎರಡು ಬೇರೆ ವಾಡಿಕೆಗಳ ನಕ್ಷೆಗಳನ್ನು ಪಕ್ಕಪಕ್ಕ ಇಟ್ಟು ಮಾಡುವ ವಾದಗಳನ್ನು ನಾನು ಬೇಕಾದಷ್ಟು ಕೇಳಿದ್ದೇನೆ. ಈ ನಕ್ಷೆಗೆ ನೀಲಿ, ಬಿಳಿ, ಕೆಂಪು ಬಣ್ಣದ ಪಟ್ಟಿ ಹಾಕಿ, ಬಿಳಿಯನ್ನು ಸೊನ್ನೆಗೇ ಕೂರಿಸಿ, ಎರಡೂ ಕಡೆ 3 ಡಿಗ್ರಿಗೆ ನಿಲ್ಲಿಸಿ.

ಆರನೆಯ ಹಂತ: ಎರಡು ಸೂಚ್ಯಂಕಗಳ ಲೆಕ್ಕ

ಎಲ್ ನಿನೊವನ್ನು ಅಳೆಯುವ ನಿನೊ 3.4 ಪ್ರದೇಶವು ಶಾಂತಸಾಗರದಲ್ಲಿ ಸಮಭಾಜಕದ ಎರಡೂ ಬದಿಗೆ 5 ಡಿಗ್ರಿ ಅಕ್ಷಾಂಶದವರೆಗೆ, ಪಶ್ಚಿಮ ರೇಖಾಂಶ 170ರಿಂದ 120ರವರೆಗೆ ಹರಡಿದೆ. ಅಲ್ಲಿನ ವ್ಯತ್ಯಾಸದ ಸರಾಸರಿ ತಿಂಗಳುಗಟ್ಟಲೆ 0.5 ಡಿಗ್ರಿಗಿಂತ ಮೇಲೆ ನಿಂತರೆ ಎಲ್ ನಿನೊ, −0.5ಕ್ಕಿಂತ ಕೆಳಗೆ ನಿಂತರೆ ಲಾ ನಿನಾ. ಹಿಂದೂ ಮಹಾಸಾಗರದ ಪಶ್ಚಿಮ ಮತ್ತು ಪೂರ್ವ ಭಾಗಗಳ ಉಷ್ಣಾಂಶದ ಅಂತರವನ್ನು ಹೇಳುವ ದ್ವಿಧ್ರುವ, ಎಂದರೆ ಇಂಡಿಯನ್ ಓಷನ್ ಡೈಪೋಲ್‌ಗೆ ಎರಡು ಚೌಕಗಳು ಬೇಕು: ಪಶ್ಚಿಮದ್ದು 50ರಿಂದ 70 ಪೂರ್ವ ರೇಖಾಂಶ, 10 ದಕ್ಷಿಣದಿಂದ 10 ಉತ್ತರ ಅಕ್ಷಾಂಶ, ಪೂರ್ವದ್ದು 90ರಿಂದ 110 ರೇಖಾಂಶ, 10 ದಕ್ಷಿಣದಿಂದ ಸಮಭಾಜಕದವರೆಗೆ. ಪಶ್ಚಿಮದ ವ್ಯತ್ಯಾಸದಿಂದ ಪೂರ್ವದ ವ್ಯತ್ಯಾಸವನ್ನು ಕಳೆಯಬೇಕು. ಪಶ್ಚಿಮದಲ್ಲಿ +0.5, ಪೂರ್ವದಲ್ಲಿ −0.4 ಇದ್ದರೆ ಸೂಚ್ಯಂಕ +0.9 ಆಗುತ್ತದೆ. ಆಸ್ಟ್ರೇಲಿಯಾದ ಹವಾಮಾನ ಇಲಾಖೆ ±0.4 ಡಿಗ್ರಿಯನ್ನು ಗಡಿಯಾಗಿ ಇಟ್ಟುಕೊಂಡಿದೆ. ಈ ದ್ವಿಧ್ರುವವನ್ನು ವಿವರಿಸಿದ 1999ರ ಪ್ರಬಂಧದ ನಾಲ್ವರು ಲೇಖಕರಲ್ಲಿ ಒಬ್ಬರಾದ ಬಿ.ಎನ್. ಗೋಸ್ವಾಮಿ ಆಗ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿದ್ದರು, ಇನ್ನೊಬ್ಬರಾದ ಪಿ.ಎನ್. ವಿನಯಚಂದ್ರನ್ ಮುಂದೆ ಅಲ್ಲಿಗೇ ಬಂದರು.

ಸರಾಸರಿ ತೆಗೆಯುವಾಗ ಪ್ರತಿ ಚೌಕಕ್ಕೂ ಅದರ ಅಕ್ಷಾಂಶದ ಕೊಸೈನ್‌ನಷ್ಟು ತೂಕ ಕೊಡುವುದು ನಿಯಮ, ಏಕೆಂದರೆ ಧ್ರುವದ ಕಡೆಗೆ ಹೋದಂತೆ ಚೌಕ ಕಿರಿದಾಗುತ್ತದೆ. ಮೇಲಿನ ಪ್ರದೇಶಗಳೆಲ್ಲ 10 ಡಿಗ್ರಿಯೊಳಗೆ ಇರುವುದರಿಂದ ಇಲ್ಲಿ ಅದರ ಪರಿಣಾಮ ನಗಣ್ಯ. ಆದರೂ ಮಾಡಿ, ನಾಳೆ 60 ಡಿಗ್ರಿಯ ಲೆಕ್ಕ ಮಾಡುವಾಗ ತೂಕ ಅರ್ಧಕ್ಕೆ ಇಳಿದಿರುತ್ತದೆ.

ಏಳನೆಯ ಹಂತ: ನಕ್ಷೆಯಿಂದ ಮಳೆಯ ಮಾತಿಗೆ

ಇಲ್ಲಿ ನಿಧಾನವಾಗಿ ಹೆಜ್ಜೆ ಇಡಬೇಕು. 1997ರಲ್ಲಿ ಎಲ್ ನಿನೊ ಅತ್ಯಂತ ಪ್ರಬಲವಾಗಿತ್ತು, ಆದರೂ ದೇಶದ ಮುಂಗಾರು ವಾಡಿಕೆಯ ಶೇ 102ರಷ್ಟು ಬಂತು. 2009ರಲ್ಲಿ ಎಲ್ ನಿನೊ ಅಷ್ಟು ಪ್ರಬಲವಾಗಿರಲಿಲ್ಲ, ಮಳೆ ಶೇ 78ಕ್ಕೆ ಕುಸಿಯಿತು. 2019ರಲ್ಲಿ ಜೂನ್ ತಿಂಗಳು ಶೇ 33ರಷ್ಟು ಕೊರತೆಯಲ್ಲಿ ಮುಗಿದು, ದ್ವಿಧ್ರುವವು ಬಲವಾಗಿ ಧನಾತ್ಮಕವಾದ ಆ ವರ್ಷ ಕೊನೆಗೆ ಶೇ 110ರಷ್ಟು ಮಳೆಯಾಯಿತು. 2023ರಲ್ಲಿ ಎಲ್ ನಿನೊ ಬೆಳೆಯುತ್ತಿದ್ದಂತೆ ಆಗಸ್ಟ್ ತಿಂಗಳು ದೇಶದಲ್ಲಿ 1901ರಿಂದೀಚೆಗಿನ ಅತಿ ಒಣ ಆಗಸ್ಟ್ ಆಯಿತು, ಕರ್ನಾಟಕದ 236 ತಾಲ್ಲೂಕುಗಳಲ್ಲಿ 223ನ್ನು ಬರಪೀಡಿತವೆಂದು ಘೋಷಿಸಬೇಕಾಯಿತು, ಮರುವರ್ಷದ ಬೇಸಿಗೆಯಲ್ಲಿ ಬೆಂಗಳೂರಿನ ಬೋರ್‌ವೆಲ್‌ಗಳು ಬತ್ತಿ ಟ್ಯಾಂಕರ್‌ಗಳಿಗೆ ಸಾಲು ನಿಲ್ಲಬೇಕಾಯಿತು. ಒಂದು ಸೂಚ್ಯಂಕದಿಂದ ಒಂದು ಊರಿನ ಮಳೆಗೆ ನೇರ ದಾರಿಯಿಲ್ಲ. ಸೂಚ್ಯಂಕವು ಸಾಧ್ಯತೆಯ ತಕ್ಕಡಿಯನ್ನು ಒಂದು ಕಡೆ ಸ್ವಲ್ಪ ವಾಲಿಸುತ್ತದೆ, ಅಷ್ಟೇ. ಭಾರತೀಯ ಹವಾಮಾನ ಇಲಾಖೆಯು ಏಪ್ರಿಲ್‌ನಲ್ಲಿ ಮತ್ತು ಮೇ ಕೊನೆಯಲ್ಲಿ ಕೊಡುವ ಮುಂಗಾರಿನ ಮುನ್ಸೂಚನೆಗೆ ಕಡಲು ಮತ್ತು ಗಾಳಿಯನ್ನು ಒಟ್ಟಿಗೆ ಲೆಕ್ಕ ಹಾಕುವ ಮಾದರಿಗಳನ್ನು ಬಳಸುತ್ತದೆ, ಅಂದಿನ ಉಷ್ಣಾಂಶದ ನಕ್ಷೆ ಆ ಲೆಕ್ಕದ ಆರಂಭದ ಸ್ಥಿತಿ ಮಾತ್ರ.

ಚಂಡಮಾರುತದ ವಿಷಯದಲ್ಲಿ ಮೇಲ್ಮೈ ಇನ್ನೂ ಹೆಚ್ಚು ದಾರಿ ತಪ್ಪಿಸುತ್ತದೆ. ಗಾಳಿಯು ನೀರನ್ನು ಆಳದವರೆಗೆ ಕಲಕುವುದರಿಂದ, ಬೆಚ್ಚನೆಯ ಪದರ ತೆಳುವಾಗಿದ್ದರೆ ತಣ್ಣೀರು ಮೇಲೆ ಬಂದು ಚಂಡಮಾರುತ ಸೊರಗುತ್ತದೆ, ಪದರ ದಪ್ಪವಿದ್ದರೆ ಬಲಿಯುತ್ತದೆ. ಅದಕ್ಕಾಗಿ ಮುನ್ಸೂಚಕರು ಮೇಲ್ಮೈಯಿಂದ, ನೀರಿನ ಉಷ್ಣಾಂಶ 26 ಡಿಗ್ರಿಗೆ ಇಳಿಯುವ ಆಳದವರೆಗೆ ಕೂಡಿಟ್ಟ ಶಾಖವನ್ನೂ ಲೆಕ್ಕ ಹಾಕುತ್ತಾರೆ. ಬಂಗಾಳ ಕೊಲ್ಲಿಯಲ್ಲಿ ಗಂಗಾ, ಬ್ರಹ್ಮಪುತ್ರಾ ನದಿಗಳ ಸಿಹಿನೀರು ಮೇಲೆ ಹರಡಿ ಹಗುರವಾದ ಮುಚ್ಚಳದಂತೆ ಕೂರುತ್ತದೆ. ಕೆಳಗಿನ ಉಪ್ಪುನೀರಿನೊಂದಿಗೆ ಅದು ಸುಲಭವಾಗಿ ಬೆರೆಯದ ಕಾರಣ ಕೊಲ್ಲಿ ಬೇಗ ತಣಿಯುವುದಿಲ್ಲ. ಚಳಿಗಾಲದಲ್ಲಿ ಉತ್ತರ ಕೊಲ್ಲಿಯ ಕೆಲವೆಡೆ ಮೇಲ್ಮೈಗಿಂತ ಅದರ ಕೆಳಗಿನ ನೀರೇ ಬೆಚ್ಚಗಿರುತ್ತದೆ, ಇದು ಯಾವ ಉಪಗ್ರಹದ ನಕ್ಷೆಯಲ್ಲೂ ಕಾಣುವುದಿಲ್ಲ. ಅಂಥ ಕಡೆ ಹತ್ತಿರದ ಆರ್ಗೊ ಉಪಕರಣದ ಆಳದ ಅಂಕಿಗಳನ್ನು ತೆರೆದು ನೋಡಬೇಕು.

ಚಂಡಮಾರುತ ಹಾದುಹೋದ ಎರಡು ಮೂರು ದಿನಗಳ ನಂತರ ಅದರ ಹಾದಿಯ ನಕ್ಷೆ ಬಿಡಿಸಿ. ಸಾಮಾನ್ಯವಾಗಿ ಹಾದಿಯ ಬಲಗಡೆಗೆ ಒಂದು ತಣ್ಣನೆಯ ಪಟ್ಟಿ ಕಾಣುತ್ತದೆ. ಇದನ್ನು ನೋಡಲು ಅರಬ್ಬೀ ಸಮುದ್ರದಲ್ಲಿ 2021ರ ಮೇ ತಿಂಗಳ ತೌಕ್ತೆಯ ದಿನಗಳು ಒಳ್ಳೆಯ ಆರಂಭ: ಚಂಡಮಾರುತಕ್ಕೆ ಮುನ್ನಿನ ದಿನದ ನಕ್ಷೆಯನ್ನು ನಂತರದ ದಿನದ ನಕ್ಷೆಯಿಂದ ಕಳೆದರೆ ಸಾಕು, ವಾಡಿಕೆಯ ಗೊಡವೆಯೇ ಬೇಡ.

ಕೊನೆಯದಾಗಿ ಒಂದು ವ್ಯಾವಹಾರಿಕ ಸೂಚನೆ. ಓಐಎಸ್‌ಎಸ್‌ಟಿಯ ಹೊಸ ಕಡತ ಒಂದು ದಿನದ ನಂತರ ‘ಪ್ರಾಥಮಿಕ’ ಎಂಬ ಅರ್ಥದ ಗುರುತಿನೊಂದಿಗೆ ಬರುತ್ತದೆ. ತಡವಾಗಿ ಬಂದ ಅಳತೆಗಳನ್ನೂ ಸೇರಿಸಿ ಸುಮಾರು ಎರಡು ವಾರಗಳ ನಂತರ ಅಂತಿಮ ಕಡತವು ಅದರ ಜಾಗಕ್ಕೆ ಬರುತ್ತದೆ. ಆದ್ದರಿಂದ ನಕ್ಷೆಯ ಮೂಲೆಯಲ್ಲಿ ಅಳತೆಯ ದಿನಾಂಕ, ಕಡತ ಇಳಿಸಿದ ದಿನಾಂಕ, ಪ್ರಾಥಮಿಕವೋ ಅಂತಿಮವೋ ಎಂಬುದು ಮತ್ತು ಹೋಲಿಕೆಗೆ ಬಳಸಿದ ವಾಡಿಕೆಯ ವರ್ಷಗಳು, ಈ ನಾಲ್ಕನ್ನೂ ಚಿಕ್ಕ ಅಕ್ಷರದಲ್ಲಿ ಬರೆದು, ಎರಡು ವಾರಗಳ ನಂತರ ಅದೇ ದಿನದ ನಕ್ಷೆಯನ್ನು ಮತ್ತೊಮ್ಮೆ ಬಿಡಿಸಿ ಹಳೆಯದರ ಪಕ್ಕದಲ್ಲಿಡಿ.